ಅಂದಾಜಿನ ಸಾಹೇಬರೂ ಐದು ಬಣ್ಣದ ದಾರವೂ

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿನಲ್ಲಿ ಇದು ಶುರುವಾದದ್ದು. ಎಂಬತ್ತೆರಡನೇ ಇಸವಿ. ಮೊದಲನೇ ಪಾಳಿಯವರು ಬಸ್ಸು ಹತ್ತಿ ಹೋಗಿದ್ದರು, ಎರಡನೇ ಪಾಳಿಯವರು ಒಳಗೆ ಸೇರಿದ್ದರು. ಜಾಲಹಳ್ಳಿಗೂ ಪೀಣ್ಯಕ್ಕೂ ನಡುವೆ ಇದ್ದ ಮೋಟಾರು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಆ ಹೊತ್ತಿಗೆ ಬೆಂಚುಗಳೆಲ್ಲ ಖಾಲಿ. ಕಾರ್ಡು ಕೋಣೆಯ ಸೊಣ್ಣಪ್ಪ ಪಂಚೆ ಮೇಲೆತ್ತಿಕೊಂಡು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಾ ಕೂತಿದ್ದ. ಹೊರಗೆ ಜೀಪು ನಿಂತ ಸದ್ದಾಯಿತು.

ಇಳಿದವರು ನಲವತ್ತರ ಆಸುಪಾಸಿನ ಒಬ್ಬ ಅಧಿಕಾರಿ. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು. ಡಾಕ್ಟರಮ್ಮನೇ ಬಾಗಿಲಿಗೆ ಬಂದು ಒಳಗೆ ಕರೆದುಕೊಂಡರು. ಕಾಂಪೌಂಡರ್ ನಲ್ಲಪ್ಪ ಔಷಧಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದ.

ಬಂದ ಸಂಗತಿಯನ್ನು ಸಾಹೇಬರು ನಿಧಾನವಾಗಿ ಬಿಡಿಸಿ ಹೇಳಿದರು. ಆಸ್ಪತ್ರೆ, ಕಾರ್ಖಾನೆ, ಕಚೇರಿ, ಎಲ್ಲ ಕಡೆಯಲ್ಲೂ ಜನರ ವಿಷಯ ಬರೆದಿಟ್ಟ ಕಾಗದ ಗುಡ್ಡೆ ಬಿದ್ದಿದೆ. ಯಾರಿಗೆ ಏನು ಕಾಯಿಲೆ, ಯಾರ ಮನೆಯಲ್ಲಿ ಏನು ಕಷ್ಟ, ಎಲ್ಲ ಅದರಲ್ಲಿದೆ. ಬೇಕಾದವರನ್ನು ಬಿಟ್ಟು ಬೇರೆಯವರು ಅದನ್ನು ನೋಡಕೂಡದು ಅಂತ ಒಂದು ಕಾನೂನು ಮಾಡಬೇಕೋ ಬೇಡವೋ ಅಂತ ಸರ್ಕಾರ ಯೋಚನೆ ಮಾಡುತ್ತಿದೆ.

"ಕಾನೂನು ಇನ್ನೂ ಬಂದಿಲ್ಲ. ಬರುತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಬಂದರೆ ಖರ್ಚು ಎಷ್ಟಾಗುತ್ತೆ ಅಂತ ಅಂದಾಜು ಹಾಕೋಕೆ ನನ್ನ ಕಳಿಸಿದ್ದಾರೆ," ಅಂದರು.

"ಹುಡುಗಿ ಗೊತ್ತಾಗೋಕೆ ಮುಂಚೆ ಛತ್ರದ ಬಾಡಿಗೆ ವಿಚಾರಿಸ್ದಂಗೆ, ಅಲ್ವಾ ಸಾರ್?" ಅಂದ ನಲ್ಲಪ್ಪ.

ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. "ಹಾಗೇ ಅಂದ್ಕೊಳ್ಳಿ. ಛತ್ರ ದುಬಾರಿ ಆದ್ರೆ ಮದುವೇನೇ ನಿಂತು ಹೋಗುತ್ತೆ," ಅಂದರು. ಅವತ್ತಿನಿಂದ ಡಿಸ್ಪೆನ್ಸರಿಯಲ್ಲಿ ಅವರಿಗೆ ಅಂದಾಜಿನ ಸಾಹೇಬರು ಅಂತಲೇ ಹೆಸರಾಯಿತು.

ಅವರು ಕಾರ್ಡು ಕೋಣೆಗೆ ಬಂದರು. ಮರದ ರ್‍ಯಾಕುಗಳಲ್ಲಿ ನಾಲ್ಕು ಸಾವಿರದ ಮೇಲೆ ಕಾರ್ಡು. ಬೀಗವಿಲ್ಲ, ಬಾಗಿಲಿಗೆ ಒಂದು ಚಿಲಕ. ಎದುರಿಗೆ ಕಟಕಟೆಯಂಥ ಒಂದು ಮರದ ಅಡ್ಡೆ, ಅದರಾಚೆ ರೋಗಿಗಳ ಬೆಂಚು. ಸಾಹೇಬರು ಒಂದೊಂದನ್ನೇ ಬರೆದುಕೊಂಡರು. ಕಬ್ಬಿಣದ ಬೀರು ಹನ್ನೆರಡು. ಬೀಗ ಹನ್ನೆರಡು. ಯಾರು ಯಾವ ಕಾರ್ಡು ತೆಗೆದರು ಅಂತ ಬರೆಯೋದಕ್ಕೆ ಒಂದು ರಿಜಿಸ್ಟರು. ಅದನ್ನು ಬರೆಯೋದಕ್ಕೆ ಎಸ್ಸೆಸ್ಸೆಲ್ಸಿ ಆದ ಒಬ್ಬರು.

"ಈಗ ಇದನ್ನೆಲ್ಲ ಓದೋರು ಯಾರು?"

"ಡಾಕ್ಟರಮ್ಮ ಓದ್ತಾರೆ ಸಾರ್. ನಂಗೆ ಓದಕ್ಕೆ ಬರಕಿಲ್ಲ," ಅಂದ ಸೊಣ್ಣಪ್ಪ. "ಅಂಕಿ ಬರ್ತದೆ. ನನ್ನ ಹೆಸರು ಬರೀತೀನಿ. ಅಷ್ಟೇಯ."

ಸಾಹೇಬರ ಪೆನ್ನು ನಿಂತಿತು. "ಓದೋಕೆ ಬರದೆ ಇಷ್ಟು ಕಾರ್ಡಲ್ಲಿ ಹೇಗೆ ಹುಡುಕ್ತೀರಿ?"

ಸೊಣ್ಣಪ್ಪ ಇದನ್ನು ಹೇಳುವಾಗ ಯಾವಾಗಲೂ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಕಾರ್ಖಾನೆ ನಿಂತಿರುವ ನೆಲದಲ್ಲಿ ಎರಡೂವರೆ ಎಕರೆ ಅವನ ಅಪ್ಪನದು. ಜಮೀನು ಹೋದವರ ಮನೆಗೊಂದು ಕೆಲಸ ಅಂತ ಕೊಟ್ಟಾಗ, ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಸೊಣ್ಣಪ್ಪನಿಗೆ ಮೊದಲು ಸಿಕ್ಕಿದ್ದು ಎರಕದ ಶೆಡ್ಡು. ಮಂಡಿ ಕೆಟ್ಟ ಮೇಲೆ ಈ ಕೋಣೆ, ಈ ಕುರ್ಚಿ. ನಂಬರು ಹೇಳಿದರೆ ಕಾರ್ಡು ತೆಗೆದುಕೊಡುವುದು ಸುಲಭವಾಗಿತ್ತು. ಆದರೆ ಬುಧವಾರ ಪಟ್ಟಣದಿಂದ ಎದೆಯ ಡಾಕ್ಟರು ಬರೋರು. "ಕ್ಷಯದೋರ ಕಾರ್ಡೆಲ್ಲ ತೆಗೆದಿಡು" ಅಂತ ಡಾಕ್ಟರಮ್ಮ ಹೇಳಿದರೆ ಅವನಿಗೆ ದಿಕ್ಕು ತೋಚುತ್ತಿರಲಿಲ್ಲ. ಒಂದೊಂದೇ ಕಾರ್ಡು ಹಿಡಿದುಕೊಂಡು ನಲ್ಲಪ್ಪನ ಹತ್ತಿರ ಓಡೋನು.

ಆಗ ಉಪಾಯ ಕೊಟ್ಟವಳು ಕಾಯಿಲ್ ಸೆಕ್ಷನ್ನಿನ ವಸಂತಮ್ಮ. ಮೋಟಾರಿನೊಳಗೆ ಹೋಗುವ ತಾಮ್ರದ ತಂತಿಯ ಸುರುಳಿ ಸುತ್ತುವ ಹೆಂಗಸರಲ್ಲಿ ಅವಳೊಬ್ಬಳು. ಕ್ಯಾಂಟೀನಿನಲ್ಲಿ ಸೊಣ್ಣಪ್ಪನ ಗೋಳು ಕೇಳಿ, "ನಾವೂ ಬಣ್ಣದ ದಾರ ಕಟ್ಟೇ ಯಾವ ಕಾಯಿಲ್ ಯಾವ ಮೋಟಾರಿಗೆ ಅಂತ ಗುರುತು ಇಟ್ಕೊಳ್ಳೋದು, ಸೊಣ್ಣಪ್ಪಣ್ಣ. ತುಂಡು ದಾರ ಬೇಕಾದಷ್ಟು ಬಿಸಾಕ್ತಾರೆ. ತಂದ್ಕೊಡ್ಲಾ?" ಅಂದಿದ್ದಳು. ಮಾರನೇ ದಿನ ಸೆರಗಿನ ತುದಿಯಲ್ಲಿ ಐದು ಬಣ್ಣದ ದಾರ ಕಟ್ಟಿಕೊಂಡು ಬಂದಳು. ಸೊಣ್ಣಪ್ಪ ಕಾರ್ಡಿನ ಮೂಲೆಗೆ ದಬ್ಬಳದಲ್ಲಿ ತೂತು ಮಾಡಿ ದಾರ ಕಟ್ಟಿದ. ಎಂಟು ವರ್ಷದಿಂದ ಅದೇ ನಡೆದುಕೊಂಡು ಬಂದಿತ್ತು.

"ಕೆಂಪು ಎದೆಯೋರದು, ನೀಲಿ ಸಕ್ಕರೆ ಕಾಯ್ಲೇದು, ಅಳದಿ ಬೀಪಿ," ಅಂತ ಸೊಣ್ಣಪ್ಪ ತೋರಿಸಿದ. "ಅಸಿರು ಬಸುರಿ ಎಂಗಸ್ರದು. ಕರೀದು ಮನಸಿನ ಡಾಕ್ಟರ ತಾವ ಓಗೋರದು. ಬುಧವಾರ ಬೆಳಿಗ್ಗೆ ಕೆಂಪು ಎಲ್ಲೆಲ್ಲಿ ಐತೋ ಎಳ್ಕೊಂಡ್ರೆ ಆಯ್ತು. ಹತ್ತೇ ನಿಮಿಷ."

ಸಾಹೇಬರು ಅವನ ಮುಖ ನೋಡಿದರು, ದಾರ ನೋಡಿದರು, ಮೆಲ್ಲಗೆ ನಕ್ಕರು. "ಬೀರು ಇಲ್ಲ, ಬೀಗ ಇಲ್ಲ. ಇಟ್ಕೊಂಡಿರೋರಿಗೇ ಓದೋಕೆ ಬರಲ್ಲ. ಇದಕ್ಕಿಂತ ಭದ್ರ ಇನ್ನೇನು ಬೇಕು? ನಿಮ್ಮಂಥೋರು ಎಲ್ಲ ಕಡೆ ಇದ್ದಿದ್ರೆ ಸರ್ಕಾರಕ್ಕೆ ಖರ್ಚೇ ಇರ್ತಿರಲಿಲ್ಲ, ಸೊಣ್ಣಪ್ಪನೋರೆ."

ಆ ಸಂಜೆ ಮನೆಗೆ ಹೋಗುವಾಗ ಸೊಣ್ಣಪ್ಪನಿಗೆ ಮಂಡಿ ನೋವೇ ನೆನಪಿರಲಿಲ್ಲ.

ಆಷಾಢ ಕಳೆಯಿತು. ಶ್ರಾವಣ ಹುಟ್ಟಿ ಎಂಟು ದಿನ ಆಗಿರಬಹುದು, ವಸಂತಮ್ಮ ಡಿಸ್ಪೆನ್ಸರಿಗೆ ಬಂದಳು. ರೋಗಿಗಳು ಇಲ್ಲದ ಹೊತ್ತೇ ನೋಡಿಕೊಂಡು ಬಂದ ಹಾಗಿತ್ತು.

ಅವಳ ಮಗಳು ಅನುಸೂಯಳಿಗೆ ಗಂಡು ಗೊತ್ತಾಗಿದ್ದದ್ದು ಸೊಣ್ಣಪ್ಪನಿಗೂ ಗೊತ್ತಿತ್ತು. ಹುಡುಗನ ಅಪ್ಪ ಇದೇ ಕಾರ್ಖಾನೆಯ ಪ್ರೆಸ್ ಶಾಪಿನ ಆವಲಪ್ಪ. ಆಷಾಢದಲ್ಲಿ ಮಾತು ಬೇಡ, ಶ್ರಾವಣದಲ್ಲಿ ಎಲೆ ಅಡಿಕೆ ಬದಲಾಯಿಸೋಣ ಅಂತ ಮಾತಾಗಿತ್ತು.

"ಏನಮ್ಮ, ಎಲೆ ಅಡಿಕೆ ಆಯ್ತಾ?"

"ಇಲ್ಲ. ಬೇಡ ಅಂದ್ಬಿಟ್ರು."

ವಸಂತಮ್ಮ ಅಡ್ಡೆಯ ಮೇಲೆ ಎರಡು ಕೈ ಊರಿ ನಿಂತಳು. "ಸೊಣ್ಣಪ್ಪಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಕಾಯಿಲೆ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ನಾನಾ? ನನ್ನ ಎಂಡ್ತಿಗೂ ಯೇಳಿಲ್ಲ ಕಣಮ್ಮ. ದೇವ್ರಾಣೆ."

ಅದು ನಿಜ. ವಸಂತಮ್ಮನಿಗೆ ಐದು ವರ್ಷದ ಹಿಂದೆ ಕ್ಷಯ ಅಂಟಿತ್ತು. ಒಂದೂವರೆ ವರ್ಷ ಸೂಜಿ, ಮಾತ್ರೆ. ಆಮೇಲೆ ಪೂರಾ ವಾಸಿಯಾಗಿ, ಎದೆಯ ಡಾಕ್ಟರು ಇನ್ನು ಬರೋದೇ ಬೇಡ ಅಂದಿದ್ದರು. ಅಕ್ಕಪಕ್ಕದವರಿಗೆ ನೆಗಡಿ ಜ್ವರ ಅಂತಲೇ ಹೇಳಿ ಅವಳು ಅಷ್ಟು ದಿನ ನೂಕಿದ್ದಳು. ಬುಧವಾರದ ಸಾಲಿನಲ್ಲಿ ನಿಲ್ಲದೆ ಕೊನೆಗೆ ಬಂದು ಹೋಗಲಿ ಅಂತ ಡಾಕ್ಟರಮ್ಮನೇ ಏರ್ಪಾಡು ಮಾಡಿದ್ದರು.

"ನನ್ನ ಕಾರ್ಡು ಕೊಡಿ, ಒಂದ್ಸಲ ನೋಡ್ಬೇಕು."

ಕೊಟ್ಟ. ಅವಳು ಅದನ್ನು ತೆರೆಯಲಿಲ್ಲ. ಮೂಲೆಯಲ್ಲಿದ್ದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

"ಹೋದ ತಿಂಗಳು ತಲೆನೋವು ಅಂತ ಬಂದಿದ್ದೆ. ನೀವು ಕಾರ್ಡು ತೆಗೆದು ಇಲ್ಲೇ ಇಟ್ರಿ. ಆವಲಪ್ಪನೋರು ಬೀಪಿ ಮಾತ್ರೆಗೆ ಅಂತ ಆ ಬೆಂಚ್ ಮೇಲೆ ಕೂತಿದ್ರು. ನೆನ್ನೆ ನೀರಿನ ನಲ್ಲಿ ಹತ್ರ ಅವರ ಮನೆಯೋರು ಯಾರಿಗೋ ಅಂತಿದ್ರಂತೆ, ಕೆಂಪು ದಾರದ ಮನೆಯಿಂದ ಹೆಣ್ಣು ತರಬೇಕಾ ಅಂತ." ಅವಳ ದನಿ ಏರಲಿಲ್ಲ. "ಈ ದಾರ ನಾನೇ ನಿಮಗೆ ತಂದ್ಕೊಟ್ಟಿದ್ದು, ಅಣ್ಣ."

ಅಷ್ಟು ವರ್ಷ ಸೊಣ್ಣಪ್ಪ ಆ ದಾರ ತನ್ನೊಬ್ಬನಿಗೇ ಕಾಣುವುದು ಅಂದುಕೊಂಡಿದ್ದ. ಬೆಂಚಿನಲ್ಲಿ ಕೂತವರಿಗೆ ಕೆಲಸವೇನು? ಯಾರ ಕಾರ್ಡಿಗೆ ಯಾವ ಬಣ್ಣ, ಆ ಬಣ್ಣದವರು ಯಾವ ವಾರ ಬರುತ್ತಾರೆ, ಆ ವಾರ ಯಾವ ಡಾಕ್ಟರು ಕೂತಿರುತ್ತಾರೆ, ನೋಡುತ್ತಾ ನೋಡುತ್ತಾ ಎಲ್ಲರೂ ಕಲಿತುಬಿಟ್ಟಿದ್ದರು. ಓದು ಬರೆಹ ಇಲ್ಲದವರೂ ಕಲಿತಿದ್ದರು. ಅವಳಿಗೆ ವಾಸಿಯಾದ ಮೇಲಾದರೂ ಬಿಚ್ಚಬೇಕಿತ್ತು. ದಾರ ಕಟ್ಟುವುದನ್ನು ಯೋಚಿಸಿದ್ದ, ಬಿಚ್ಚುವುದನ್ನು ಯೋಚಿಸಿಯೇ ಇರಲಿಲ್ಲ.

"ಮಗು ಏನಂತದೆ?" ಅಂತ ಕೇಳಿದ.

"ಏನೂ ಅನ್ನಲ್ಲ. ನಂಗೇ ಸಮಾಧಾನ ಹೇಳ್ತಾಳೆ." ಕಾರ್ಡನ್ನು ಅವನ ಕಡೆ ತಳ್ಳಿದಳು. "ಬೇರೆ ಕಡೆ ನೋಡ್ತೀವಿ. ಆದ್ರೆ ಇದು ಇಲ್ಲಿ ಇರೋವರೆಗೂ, ಯಾರು ಬಂದ್ರೂ ಇದೇ ಕತೆ ಅಲ್ವಾ?"

ಅವಳು ಹೋದ ಮೇಲೆ ಸೊಣ್ಣಪ್ಪ ಅವಳ ಕಾರ್ಡಿನ ದಾರ ಬಿಚ್ಚಿದ. ಬಿಚ್ಚಿದ ಮೇಲೆ ಮೂಲೆಯಲ್ಲಿ ತೂತು ಉಳಿಯಿತು. ತೂತಿನ ಸುತ್ತ ಐದು ವರ್ಷದ ಬಣ್ಣ ಕಾಗದಕ್ಕೆ ಹತ್ತಿ ಕೆಂಪಗೆ ಒಂದು ಚುಕ್ಕೆ. ಅದನ್ನೇ ನೋಡುತ್ತಾ ಸಂಜೆಯ ಸೈರನ್ ಆಗುವವರೆಗೆ ಕೂತಿದ್ದ.

ಶ್ರಾವಣ ಮುಗಿಯುವ ಹೊತ್ತಿಗೆ ಅಂದಾಜಿನ ಸಾಹೇಬರು ಮತ್ತೆ ಬಂದರು. ಈ ಸಲ ಟೈಪು ಮಾಡಿದ ಕಾಗದ ತಂದಿದ್ದರು. ಡಾಕ್ಟರಮ್ಮನ ಕೋಣೆಗೆ ಸೊಣ್ಣಪ್ಪನನ್ನೂ ಕರೆಸಿ ಓದಿ ಹೇಳಿದರು. ಬೀರು ಬೀಗ ಗುಮಾಸ್ತ ಅಂತ ಹೋದರೆ ರಾಜ್ಯಕ್ಕೆಲ್ಲ ಸೇರಿ ದೊಡ್ಡ ಮೊತ್ತವಾಗುತ್ತದೆ. ಅಷ್ಟು ಖರ್ಚು ಅಂದರೆ ಮೇಲಿನವರು ಫೈಲು ಮುಚ್ಚಿಬಿಡುತ್ತಾರೆ. ಅದರ ಬದಲು ಈ ಡಿಸ್ಪೆನ್ಸರಿಯ ದಾರದ ಪದ್ಧತಿಯನ್ನು ಎಲ್ಲ ಕಡೆಗೂ ತರಬಹುದು.

"ನಿಮ್ಮ ಹೆಸರೂ ಹಾಕಿದ್ದೀನಿ. ಮ್ಯಾನೇಜರು ಆಯುಧಪೂಜೆ ದಿನ ನಿಮಗೊಂದು ಪ್ರಶಸ್ತಿಪತ್ರ ಕೊಡ್ತಾರಂತೆ," ಅಂದರು ಸಾಹೇಬರು.

"ಲೇ ಸೊಣ್ಣಪ್ಪ, ಓದಕ್ಕೆ ಬರದೋನಿಗೆ ಪತ್ರ ಕೊಡ್ತಾರಂತೆ ಕಣೋ. ನನ್ನ ಹತ್ರ ತಗೊಂಡ್ಬಾ, ಓದಿ ಹೇಳ್ತೀನಿ," ಅಂದ ಬಾಗಿಲಲ್ಲಿ ನಿಂತಿದ್ದ ನಲ್ಲಪ್ಪ.

ಸೊಣ್ಣಪ್ಪ ನಗಲಿಲ್ಲ. ಎಲ್ಲ ಕಡೆಗೂ ತರಬಹುದು ಅನ್ನುವ ಮಾತು ಅವನ ತಲೆಯಲ್ಲಿ ತಿರುಗುತ್ತಿತ್ತು. ಎಷ್ಟು ಊರು, ಎಷ್ಟು ಬೆಂಚು, ಎಷ್ಟು ಜನ ಹೆಣ್ಣುಮಕ್ಕಳು. ಬಾಯಿ ಮುಚ್ಚಿಕೊಂಡಿದ್ದರೆ ಪತ್ರವೂ ಬರುತ್ತದೆ, ಕುರ್ಚಿಯೂ ಉಳಿಯುತ್ತದೆ. ರಿಟೈರಾಗುವುದಕ್ಕೆ ಇನ್ನು ನಾಲ್ಕೇ ವರ್ಷ. ಬಾಯಿ ಬಿಟ್ಟರೆ ಮಂಡಿ ಹಿಡಿದುಕೊಂಡು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ನಿಲ್ಲಬೇಕು. ಯಾರ ಕತೆಯನ್ನೂ ಹೇಳದೆ ಇದನ್ನು ಹೇಗೆ ಹೇಳುವುದು ಅನ್ನುವುದೂ ಒಂದು ಕಷ್ಟ.

"ಸಾರ್, ಒಂದು ಅರ್ಧ ಗಂಟೆ ಹೊರಗೆ ಬೆಂಚ್ ಮೇಲೆ ಕೂತ್ಕೋತೀರಾ?" ಅಂದ.

"ಯಾಕೆ?"

"ಸುಮ್ಕೆ. ಕೂತು ನೋಡಿ. ಆಮ್ಯಾಕೆ ಆ ಕಾಗದ ಕಳಿಸೋರಂತೆ."

ಸಾಹೇಬರು ಡಾಕ್ಟರಮ್ಮನ ಮುಖ ನೋಡಿದರು. ಅವರು, ಹೋಗಿ ಕೂತ್ಕೊಳ್ಳಿ ಅನ್ನುವ ಹಾಗೆ ತಲೆ ಆಡಿಸಿದರು. ಬೆಳಗಿನ ಹತ್ತು ಗಂಟೆ, ಬೆಂಚು ತುಂಬಿತ್ತು. ಫೈಲನ್ನು ಒಳಗೇ ಬಿಟ್ಟು ಸಾಹೇಬರು ಇಬ್ಬರು ಕೆಲಸಗಾರರ ಮಧ್ಯೆ ಕೂತರು. ಯಾರೋ ಹೊಸ ರೋಗಿ ಅಂದುಕೊಂಡು ಪಕ್ಕದವರು ಜಾಗ ಬಿಟ್ಟರು.

ಸೊಣ್ಣಪ್ಪ ಎಂದಿನ ಹಾಗೆ ನಂಬರು ಕೇಳಿ ಕಾರ್ಡು ತೆಗೆದು ಅಡ್ಡೆಯ ಮೇಲೆ ಇಡುತ್ತಾ ಹೋದ. ಇಟ್ಟ ಹಾಗೆಲ್ಲ ಬೆಂಚು ಮೆತ್ತಗೆ ಮಾತಾಡಿತು.

"ಹಸಿರು. ಅವಳಿಗೆ ಮೂರನೇದು ಕಣೋ."

"ಎರಡು ಹೆಣ್ಣಲ್ವಾ, ಗಂಡಿಗೆ ನೋಡ್ತಾವ್ರೆ."

"ಅವ್ನ ನೋಡು, ನೀಲಿ ದಾರ ಇಟ್ಕೊಂಡು ಕ್ಯಾಂಟೀನಲ್ಲಿ ಜಿಲೇಬಿ ಹೊಡೀತಾನೆ."

ಟೂಲ್ ರೂಮಿನ ಒಬ್ಬ ಯುವಕ ಕಾರ್ಡು ತೆಗೆದುಕೊಳ್ಳಲು ಎದ್ದ. ಕರೀ ದಾರ. ಬೆಂಚು ಒಂದು ಗಳಿಗೆ ಸುಮ್ಮನಾಯಿತು. ಅವನು ದಾಟಿ ಹೋದ ಮೇಲೆ ಸಾಹೇಬರ ಪಕ್ಕದವನು ಅವರ ಕಿವಿಗೆ ಬಾಗಿ, "ತಲೆ ಸರಿ ಇಲ್ಲ ಸಾರ್. ನೋಡಿದ್ರೆ ಗೊತ್ತಾಗಲ್ಲ, ಅಲ್ವಾ?" ಅಂದ. ಆಮೇಲೆ, "ನಿಮ್ದು ಯಾವ ಬಣ್ಣ?" ಅಂತ ಕೇಳಿದ.

ಸಾಹೇಬರು ಎದ್ದು ಒಳಗೆ ಬಂದರು. ಟೈಪು ಮಾಡಿದ ಕಾಗದವನ್ನು ಮಡಿಸಿ ಫೈಲಿನ ತಳಕ್ಕೆ ಹಾಕಿದರು.

"ನಾನು ನಿಮ್ಮ ಕಣ್ಣೊಂದೇ ಲೆಕ್ಕ ಹಿಡಿದೆ, ಸೊಣ್ಣಪ್ಪನೋರೆ. ಅಡ್ಡೆಯ ಆ ಕಡೆಯೋರ ಕಣ್ಣು ಲೆಕ್ಕಕ್ಕೆ ತಗೊಳ್ಳಲಿಲ್ಲ," ಅಂದರು. "ಇದನ್ನ ಇರೋ ಹಾಗೆ ಬರೆದರೆ, ದಾರ ಬೇಡ, ನಿಮ್ಮ ಕೋಣೆಗೆ ಓದು ಬಂದೋರೇ ಬೇಕು ಅಂತ ಬರೀಬೇಕಾಗುತ್ತೆ. ಕಾನೂನು ಬರಲಿ ಬಿಡಲಿ, ನಿಮ್ಮ ಮ್ಯಾನೇಜರು ಆ ಒಂದು ಸಾಲು ಓದಿದ್ರೆ ನಿಮ್ಮನ್ನ ಇಲ್ಲಿ ಇಡಲ್ಲ. ಗೊತ್ತಲ್ಲ?"

"ಗೊತ್ತು ಸಾರ್."

"ಯೋಚನೆ ಮಾಡಿ. ಸೋಮವಾರ ಹೇಳಿದ್ರೂ ಆಗುತ್ತೆ."

"ಯೋಚನೆ ಆಗೈತೆ. ಬರೀರಿ."

ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿದ್ದರು. "ಬುಧವಾರ ಹೇಗೆ ಮಾಡ್ತೀಯ ಸೊಣ್ಣಪ್ಪ?" ಅಂದರು.

"ಅಂಕಿ ಬರ್ತದಲ್ಲ, ಅಮ್ಮ. ಬುಧವಾರದೋರ ನಂಬರು ಒಂದು ಚೀಟೀಲಿ ಬರ್ದು ನಿಮ್ಮ ಡ್ರಾಯರ್‌ನಾಗೆ ಇಟ್ಕೊಳ್ಳಿ. ನಂಗೆ ನಂಬರು ಕೊಡಿ, ಕಾಯ್ಲೆ ಯೇಳ್ಬ್ಯಾಡಿ. ಒಂದೊಂದೇ ಹುಡುಕಿ ತೆಗೀತೀನಿ. ಹೊತ್ತಾಯ್ತದೆ, ಅಷ್ಟೇಯ."

ಅವತ್ತಿನಿಂದ ದಾರ ಬಿಚ್ಚುವ ಕೆಲಸ ಹಿಡಿದ. ಆರು ನೂರಕ್ಕೂ ಮೇಲೆ ದಾರ. ಗಂಟು ಬಿಗಿದಿದ್ದವು, ಎಷ್ಟೋ ಕಡೆ ಉಗುರು ಹೋಗುತ್ತಿರಲಿಲ್ಲ. ಬಿಚ್ಚಿದ ದಾರವನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕುತ್ತಾ ಹೋದ. ತೂತಿನದೇ ಚಿಂತೆ. ತೂತು ಇರುವ ಕಾರ್ಡು ಬೇರೆ, ಇಲ್ಲದ್ದು ಬೇರೆ ಅಂತ ಬೆಂಚಿನವರು ನಾಲ್ಕೇ ದಿನಕ್ಕೆ ಕಲಿಯುತ್ತಾರೆ. ಎರಡು ದಿನ ಅದನ್ನೇ ಯೋಚಿಸಿ, ಮೂರನೇ ದಿನ ಟೈಮ್ ಆಫೀಸಿಗೆ ಹೋಗಿ ಕಾಗದಕ್ಕೆ ತೂತು ಹಾಕುವ ಯಂತ್ರ ಕೇಳಿ ತಂದ. ಬಣ್ಣ ಹತ್ತಿದ ಚುಕ್ಕೆಯೂ ಕತ್ತರಿಸಿ ಹೋಗುವಷ್ಟು ದೊಡ್ಡ ತೂತು ಬೀಳುತ್ತಿತ್ತು ಅದರಲ್ಲಿ. ದಾರ ಇದ್ದದ್ದು ಇಲ್ಲದ್ದು ಅಂತ ನೋಡದೆ, ನಾಲ್ಕು ಸಾವಿರ ಚಿಲ್ಲರೆ ಕಾರ್ಡಿಗೂ ಅದೇ ಮೂಲೆಯಲ್ಲಿ ಅದೇ ಅಳತೆಯ ತೂತು ಹಾಕಿದ. ಹನ್ನೊಂದು ದಿನ ಹಿಡಿಯಿತು. ಬಲಗೈ ಹೆಬ್ಬೆರಳಿನ ಬುಡ ಬಾತುಕೊಂಡಿತು. ನಲ್ಲಪ್ಪ ಒಂದು ಮಾತೂ ಆಡದೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ.

ಬುಧವಾರ ಹತ್ತು ನಿಮಿಷದ ಕೆಲಸ ಈಗ ಎರಡು ಗಂಟೆಯದಾಯಿತು. ಸಾಲು ಬಾಗಿಲು ದಾಟಿ ಬೇವಿನ ಮರದವರೆಗೂ ಬಂತು. "ಏನಣ್ಣ, ನಿದ್ದೆ ಮಾಡ್ತಿದ್ದೀಯಾ? ಫೋರ್‌ಮನ್ನು ನನ್ನ ಅರ್ಧ ದಿನ ಕಟ್ ಮಾಡ್ತಾನೆ," ಅಂತ ಬಯ್ದವರು ಬಹಳ ಜನ. ದಾರ ಯಾಕೆ ತೆಗೆದೆ ಅಂತ ಕೇಳಿದವರಿಗೆ ಇಲಿ ಕಡಿಯುತ್ತಿತ್ತು ಅಂದ.

"ಕಾನೂನು ಬರೋಕೆ ಮುಂಚೇನೇ ಅದರ ಖರ್ಚು ಬಂದ್ಬಿಡ್ತು ನೋಡು," ಅಂದ ನಲ್ಲಪ್ಪ, ಸಾಲನ್ನು ನೋಡುತ್ತಾ. "ಇದನ್ನ ಆ ಸಾಹೇಬ್ರು ಯಾವ ಕಾಲಮ್ಮಿಗೆ ಬರೀತಾರೋ."

ಅವರು ಎಲ್ಲಿ ಬರೆದರೋ, ಬರೆದದ್ದು ಎಲ್ಲಿಗೆ ಹೋಯಿತೋ ಆ ಡಿಸ್ಪೆನ್ಸರಿಗೆ ತಿಳಿಯಲಿಲ್ಲ. ಹನ್ನೆರಡು ಬೀರುಗಳು ಬರಲಿಲ್ಲ. ಕಾನೂನಿನ ಸುದ್ದಿಯೂ ಮತ್ತೆ ಕೇಳಲಿಲ್ಲ. ಬಂದದ್ದು ಬಾಗಿಲಿಗೆ ಒಂದು ಬೀಗ, ಒಂದು ರಿಜಿಸ್ಟರು, ಮ್ಯಾನೇಜರ ಒಂದು ಕಾಗದ. ಕಾರ್ಡು ಕೋಣೆಗೆ ಎಸ್ಸೆಸ್ಸೆಲ್ಸಿ ಪಾಸಾದ ಭದ್ರಮ್ಮ ಅನ್ನುವವಳು ಬರುತ್ತಾಳೆ, ಸೊಣ್ಣಪ್ಪ ಗೇಟಿನ ಸೈಕಲ್ ಸ್ಟ್ಯಾಂಡಿಗೆ ಹೋಗತಕ್ಕದ್ದು. ಅಲ್ಲಿ ನಂಬರಿನ ಬಿಲ್ಲೆ ಕೊಟ್ಟು ಇಸಿದುಕೊಳ್ಳುವ ಕೆಲಸ. ನೆರಳಿಗೆ ಒಂದು ತಗಡು, ಕುರ್ಚಿ ಇಲ್ಲ. ಆಯುಧಪೂಜೆಯ ದಿನ ಅವನಿಗೆ ಎಲ್ಲರ ಹಾಗೆ ಒಂದು ಪೊಟ್ಟಣ ಪುರಿ, ಒಂದು ಸ್ವೀಟು ಸಿಕ್ಕಿತು. ಪತ್ರದ ಮಾತು ಯಾರೂ ಎತ್ತಲಿಲ್ಲ.

ಭದ್ರಮ್ಮನಿಗೆ ಒಂದು ವಾರ ಕೆಲಸ ತೋರಿಸಿದ. ಹುಡುಗಿ ಚುರುಕು. ಮೊದಲನೇ ದಿನವೇ ಒಂದು ಕಾರ್ಡು ತೆರೆದು ಕಣ್ಣಾಡಿಸಿದಳು.

"ಓದು ಬಂದ್ರೂ ಓದ್ಬ್ಯಾಡ ಕಣಮ್ಮ," ಅಂದ ಸೊಣ್ಣಪ್ಪ. "ನಂಬರು ನೋಡು, ತೆಗಿ, ಮಗುಚಿ ಇಡು. ಆ ಬೆಂಚ್ ಐತಲ್ಲ, ಅದು ಎಲ್ಲಾನೂ ನೋಡ್ತದೆ."

ಅವಳು ಕಾರ್ಡು ಮುಚ್ಚಿ ಮಗುಚಿ ಇಟ್ಟಳು.

ಕೊನೆಯ ದಿನ ಮಧ್ಯಾಹ್ನ ವಸಂತಮ್ಮ ಬಂದಳು. ಕಾಯಿಲೆ ಏನೂ ಇರಲಿಲ್ಲ, ಆದರೂ ನಂಬರು ಹೇಳಿ ಕಾರ್ಡು ಕೇಳಿದಳು. ಭದ್ರಮ್ಮ ತೆಗೆದು ಮಗುಚಿ ಅಡ್ಡೆಯ ಮೇಲೆ ಇಟ್ಟಳು. ಪಕ್ಕದಲ್ಲೇ ಬೇರೆಯವರ ಎರಡು ಕಾರ್ಡು ಮಗುಚಿ ಬಿದ್ದಿದ್ದವು. ಮೂರಕ್ಕೂ ಮೂಲೆಯಲ್ಲಿ ಒಂದೇ ಥರ ತೂತು. ವಸಂತಮ್ಮ ಮೂರನ್ನೂ ಒಂದೊಂದಾಗಿ ನೋಡಿದಳು. ಬೆಂಚಿನಲ್ಲಿ ಇದ್ದ ನಾಲ್ಕು ಜನ ಮಳೆಯ ವಿಷಯ ಮಾತಾಡಿಕೊಳ್ಳುತ್ತಿದ್ದರು.

"ನೆಲಮಂಗಲದ ಕಡೆಯೋರು ಬಂದು ಹುಡುಗೀನ ನೋಡ್ಕೊಂಡು ಹೋದ್ರು," ಅಂದಳು ಸೊಣ್ಣಪ್ಪನಿಗೆ. "ಏನಂತಾರೋ ಗೊತ್ತಿಲ್ಲ. ನಾನೇ ಕೂತ್ಕೊಂಡು ಹೇಳ್ದೆ, ನಂಗೆ ಇಂಥ ಕಾಯಿಲೆ ಇತ್ತು, ವಾಸಿ ಆಗಿದೆ ಅಂತ. ಹೇಳೋದಿದ್ರೆ ನಾನು ಹೇಳ್ಬೇಕು, ಅಲ್ವಾ?"

"ಅವ್ದಮ್ಮ. ನೀನೇ ಯೇಳ್ಬೇಕು."

ಸೊಣ್ಣಪ್ಪ ರ್‍ಯಾಕಿನ ಕೆಳಗಿಂದ ಬಟ್ಟೆ ಚೀಲ ತೆಗೆದು ಕೊಟ್ಟ. ಒಳಗೆ ಕೆಂಪು, ನೀಲಿ, ಹಳದಿ, ಹಸಿರು, ಕಪ್ಪು ಎಲ್ಲ ಸುತ್ತಿಕೊಂಡು ಒಂದೇ ಉಂಡೆಯಾಗಿತ್ತು. ಯಾವ ದಾರ ಯಾರದು ಅಂತ ಅವನಿಗೇ ಹೇಳಲು ಆಗುತ್ತಿರಲಿಲ್ಲ.

"ನಿಮ್ಮ ಸೆಕ್ಷನ್ನಿಂದು. ವಾಪಸ್ ತಗೊಂಡ್ಹೋಗು."

"ಮಷೀನು ಒರೆಸೋಕೆ ಆಗುತ್ತೆ ಬಿಡಿ," ಅಂದು ಅವಳು ಚೀಲ ತೆಗೆದುಕೊಂಡಳು. "ನಾಳೆಯಿಂದ ಸ್ಟ್ಯಾಂಡ್ ಹತ್ರ ಇರ್ತೀರಲ್ಲ, ಒಂದು ಮಣೆ ಕಳಿಸ್ತೀನಿ ಅಣ್ಣ, ಕೂತ್ಕೊಳ್ಳೋಕೆ."

ಮೂರು ಗಂಟೆಯಾಗಿತ್ತು. ಸೊಣ್ಣಪ್ಪ ಬೀಗದ ಕೈಯನ್ನು ಭದ್ರಮ್ಮನ ಅಂಗೈಯಲ್ಲಿಟ್ಟು, ನೀಲಗಿರಿ ಎಣ್ಣೆಯ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು, ಡಾಕ್ಟರಮ್ಮನಿಗೆ ಕೈ ಮುಗಿದು ಮೆಟ್ಟಿಲಿಳಿದ. ಅವನು ಕಾರ್ಡು ಕೋಣೆ ಬಿಟ್ಟು ಹೋದದ್ದು ಕಾರ್ತಿಕ ಮಾಸದ ಎರಡನೇ ಬುಧವಾರ, ಎದೆಯ ಡಾಕ್ಟರು ಬರುವ ದಿನ.